ಕೆಂಚನ ಜೊತೆ ಕುಮಟೆಯಿಂದ ಗೋಕರ್ಣಕ್ಕೆ

ನಮ್ಮ ಮನೆಯ ನಾಯಿಗೆ ಎರಡು ಹೆಸರು. ಪುಣೆಯ ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾ ಇಟ್ಟದ್ದು ‘ಲಾಲ್ಯಾ’, ನಾವು ಇಟ್ಟದ್ದು ‘ಕೆಂಚ’. 2020ರ ಲಾಕ್‌ಡೌನ್ ದಿನಗಳಲ್ಲಿ ಪಾರ್ಕಿಂಗ್‌ನ ಮೂಲೆಯಲ್ಲಿ ನಡುಗುತ್ತಾ ಕೂತಿದ್ದ ಮರಿಗೆ ಒಂದು ಬಟ್ಟಲು ಹಾಲನ್ನ ಹಾಕಿದ್ದೇ ನೆಪವಾಗಿ, ಮಳೆ ಶುರುವಾಗುವ ಹೊತ್ತಿಗೆ ಅದು ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನೊಳಗೆ ಬಂದಾಗಿತ್ತು. ಜಾತಿಯೆಂದರೆ ಅಪ್ಪಟ ಬೀದಿ ಜಾತಿ. ಕೆಂಪು ಮೈ, ಬಿಳಿ ಕಾಲು, ಸುರುಳಿ ಬಾಲ. ‘ಬಸ್’ ಎಂದು ಮರಾಠಿಯಲ್ಲಿ ಹೇಳಿದರೆ ಕೂರುತ್ತಾನೆ. ‘ಬಾರೋ’ ಎಂದು ಕನ್ನಡದಲ್ಲಿ ಕರೆದರೆ ಬರುತ್ತಾನೆ. ಇಂಗ್ಲಿಷಿನಲ್ಲಿ ಏನು ಹೇಳಿದರೂ ಆಕಳಿಸುತ್ತಾನೆ.

ಇವನು ಬಂದ ಮೇಲೆ ನಮ್ಮ ಊರಿನ ಪ್ರಯಾಣ ಮಾತ್ರ ಹದಗೆಟ್ಟಿತು. ನನ್ನದು ಕುಮಟಾ ತಾಲೂಕು, ಗಂಡನದು ಧಾರವಾಡ. ಮೊದಲಾದರೆ ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಸ್ಲೀಪರ್ ಬಸ್ ಹತ್ತಿದರೆ ಮುಗಿಯಿತು. ಈಗ ಬಸ್ಸಿನವರು ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ರೈಲಿನಲ್ಲಾದರೆ ಫಸ್ಟ್ ಎಸಿಯ ಇಡೀ ಕೂಪೆಯನ್ನೋ ಕ್ಯಾಬಿನ್ನನ್ನೋ ನಮ್ಮ ಹೆಸರಿಗೇ ಬುಕ್ ಮಾಡಬೇಕು. ಇಲ್ಲವಾದರೆ ನಾಯಿಯನ್ನು ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರ್‌ಗಳಲ್ಲಿ ಅವಕಾಶವಿಲ್ಲ. ಕತ್ತಲ ಪೆಟ್ಟಿಗೆಯಲ್ಲಿ ಇವನನ್ನು ಕೂಡಿಹಾಕಲು ಮನಸ್ಸು ಬರಲಿಲ್ಲ. ಹಾಗಾಗಿ ಒಂದು ಸಲ ನಾನು, ಇನ್ನೊಂದು ಸಲ ಅವರು ಎಂದು ಸರದಿಯ ಮೇಲೆ ಊರಿಗೆ ಹೋಗತೊಡಗಿದೆವು. ನಾಲ್ಕು ವರ್ಷ ಹೀಗೇ ಕಳೆಯಿತು. ಆಯಿ ಫೋನಿನಲ್ಲಿ ಒಮ್ಮೆ, “ನಿಮ್ಮಿಬ್ಬರನ್ನ ಒಟ್ಟಿಗೆ ನೋಡಬೇಕು ಅಂದ್ರೆ ವಿಡಿಯೋ ಕಾಲೇ ಮಾಡಬೇಕು” ಎಂದಳು. ನಗುತ್ತಲೇ ಹೇಳಿದ್ದಳು. ನನಗೆ ನಗು ಬರಲಿಲ್ಲ.

ಹಾಗೆಂದು ನಾಯಿಯನ್ನು ಕರೆದುಕೊಂಡು ಬಾ ಎಂದೂ ಅವಳು ಹೇಳಿರಲಿಲ್ಲ. ನಮ್ಮೂರ ಮನೆಯಲ್ಲಿ ನಾಯಿ ಅಂಗಳದ್ದು. ಜಗುಲಿಯ ಮೆಟ್ಟಿಲು ಅದರ ಗಡಿ. ಸೋಫಾದ ಮೇಲೆ ಮಲಗುವ ನಾಯಿಯನ್ನು ಅಪ್ಪ ವಾಟ್ಸ್ಯಾಪ್ ಫೋಟೋದಲ್ಲಿ ಕಂಡು ಏನೂ ಹೇಳದೆ ಫೋನ್ ಕೆಳಗಿಟ್ಟಿದ್ದರಂತೆ.

ಕಳೆದ ಜನವರಿಯಲ್ಲಿ, ಸಂಕ್ರಾಂತಿಯ ವಾರ, ಇಬ್ಬರೂ ರಜೆ ಹಾಕಿ ಕಾರಿನಲ್ಲೇ ಹೊರಟೆವು. ಮೊದಲು ಊರು. ಅಲ್ಲಿಂದ ಬಹಳ ದಿನದ ನನ್ನ ಆಸೆ, ಕುಮಟೆಯಿಂದ ಗೋಕರ್ಣದವರೆಗಿನ ಕಡಲ ದಂಡೆಯ ಚಾರಣ. ನಾನು ಹುಟ್ಟಿ ಬೆಳೆದ ತಾಲೂಕಿನ ದಾರಿಯನ್ನು ಬೆಂಗಳೂರು, ಮುಂಬಯಿಯ ಚಾರಣಿಗರೆಲ್ಲ ನಡೆದು ಮುಗಿಸಿದ್ದಾರೆ. ನಾನು ಮಾತ್ರ ನಡೆದಿರಲಿಲ್ಲ. ನಾಯಿಯನ್ನು ಕರೆದುಕೊಂಡು ಹೋಗಬಹುದಾದ ಕಡಲ ದಾರಿ ಯಾವುದು ಎಂದು ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಇದನ್ನೇ. ಗೇಟಿಲ್ಲ, ಟಿಕೆಟ್ಟಿಲ್ಲ, ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವಿಲ್ಲ. ನನಗೆ ಅಷ್ಟೇ ಸಾಕಿತ್ತು. ಫಲಕ ಇಲ್ಲದಿದ್ದರೆ ದಾರಿ ನಾಯಿಗೆ ಒಗ್ಗುತ್ತದೆ ಎಂದುಕೊಂಡದ್ದು ನನ್ನ ಮೊದಲ ತಪ್ಪು.

ಅಂಗಳದ ಗಡಿ

ಪುಣೆಯಿಂದ ಕೊಲ್ಹಾಪುರ, ಬೆಳಗಾವಿ, ಧಾರವಾಡ, ಯಲ್ಲಾಪುರ. ಅರಬೈಲು ಘಟ್ಟ ಇಳಿದರೆ ಅಂಕೋಲೆ, ಅಲ್ಲಿಂದ ದಕ್ಷಿಣಕ್ಕೆ ಕುಮಟೆ. ಆರುನೂರು ಕಿಲೋಮೀಟರಿನ ಆಸುಪಾಸು. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು, ನಾಲ್ಕು ಹೆಜ್ಜೆ ಓಡಾಟ. ಧಾರವಾಡದ ಅತ್ತೆಯ ಮನೆಯಲ್ಲಿ ಒಂದು ರಾತ್ರಿ. ಕೆಂಚ ಘಟ್ಟದ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿದ. ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನಿಸಬಾರದು ಎಂಬ ಪಾಠ ಅಲ್ಲಿಯೇ ಆಯಿತು.

ಮನೆ ತಲುಪಿದಾಗ ಅಪ್ಪ ಅಂಗಳದ ತುದಿಗೆ ಬಂದು ನಿಂತರು. ಕೆಂಚ ಅವರ ಕಾಲು ಮೂಸಿದ. ಅಪ್ಪ ಅಲುಗಲಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ಗೋಣಿಚೀಲ ಹಾಸಿಟ್ಟಿದ್ದರು. “ಅದು ಅಲ್ಲಿ ಮಲಗಲಿ” ಎಂದರು. ಐದು ವರ್ಷ ಸೋಫಾದ ಮೇಲೆ ಮಲಗಿದವನು ಆ ಗೋಣಿಯ ಮೇಲೆ ಮೂರು ಸುತ್ತು ಸುತ್ತಿ, ನಿಟ್ಟುಸಿರು ಬಿಟ್ಟು ಮಲಗಿಯೇಬಿಟ್ಟ. ರಾತ್ರಿಯೆಲ್ಲ ನಾನೇ ಎರಡು ಮೂರು ಸಲ ಎದ್ದು ಬಾಗಿಲ ಸಂದಿಯಿಂದ ನೋಡಿದ್ದು. ಅವನಿಗೇನೂ ಆಗಿರಲಿಲ್ಲ.

ಮೊದಲ ಬೆಳಗು: ಬಾಡ, ಕಾಗಾಲದ ಕಡೆ

ಈ ದಾರಿಯನ್ನು ಚಾರಣಿಗರು ಸಾಮಾನ್ಯವಾಗಿ ಎರಡು ದಿನದಲ್ಲಿ ಮುಗಿಸುತ್ತಾರೆ. ಕುಮಟೆಯ ದಂಡೆಯಿಂದ ಉತ್ತರಕ್ಕೆ ಒಂದು ಮರಳ ತೀರ, ಒಂದು ಗುಡ್ಡ, ಮತ್ತೆ ಮರಳು, ಮತ್ತೆ ಗುಡ್ಡ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ ದಾಟಿದರೆ ಅಘನಾಶಿನಿ ನದಿ ಸಮುದ್ರ ಸೇರುವ ಜಾಗ. ದೋಣಿಯಲ್ಲಿ ಆಚೆ ದಾಟಿದರೆ ತದಡಿ. ಅಲ್ಲಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣ. ಗುಡ್ಡಗಳೆಲ್ಲ ಹೆಚ್ಚಾಗಿ ಚಿರೆಕಲ್ಲಿನವು. ಮೇಲೆ ಹುಲ್ಲು, ಕುರುಚಲು ಗಿಡ, ಕೆಳಗೆ ಬಂಡೆಗೆ ಬಡಿಯುವ ನೀರು.

ನಾಯಿ ಇದೆಯೆಂದು ನಾವು ನಾಲ್ಕು ಬೆಳಗುಗಳಿಗೆ ಹಂಚಿಕೊಂಡೆವು. ಬೆಳಿಗ್ಗೆ ಆರಕ್ಕೆ ಶುರು, ಒಂಬತ್ತಕ್ಕೆ ಮುಗಿತಾಯ. ನಾನು ನಡೆಯುವ ದಿನ ಗಂಡ ಕಾರನ್ನು ಮುಂದಿನ ಊರಿಗೆ ತಂದು ನಿಲ್ಲಿಸುವುದು ಎಂದು ಲೆಕ್ಕ.

ಬಾಡದ ದಂಡೆಗೆ ಇಳಿದಾಗ ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಉಬ್ಬರ ಇಳಿದು ತೀರದ ಮರಳು ಗಟ್ಟಿಯಾಗಿತ್ತು. ಇಂಥ ಒದ್ದೆ ಮರಳಿನಲ್ಲಿ ನಡೆಯುವುದು ಡಾಂಬರು ರಸ್ತೆಗಿಂತ ಸುಲಭ. ಒಣ ಮರಳಾದರೆ ಒಂದು ಕಿಲೋಮೀಟರಿಗೆ ಮೀನಖಂಡ ಮಾತಾಡುತ್ತದೆ. ದಂಡೆಯ ಅಂಚಿಗೆ ಗಾಳಿಮರದ ಸಾಲು, ಅದರ ಹಿಂದೆ ತೆಂಗು. ಕಣ್ಣು ಹಾಯಿಸಿದಷ್ಟು ದೂರ ಒಬ್ಬರೂ ಇಲ್ಲ. ನಾನು ಹಗ್ಗ ಬಿಚ್ಚಿದೆ.

ಪುಣೆಯಲ್ಲಿ ಐದಡಿ ಹಗ್ಗದ ಆಚೆ ಜಗತ್ತನ್ನೇ ಕಾಣದ ನಾಯಿ ಅದು. ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಬಾಣದ ಹಾಗೆ ಓಡಿದ. ಏಡಿಗಳ ಹಿಂದೆ, ಅಲೆಗಳ ಹಿಂದೆ, ಸುಮ್ಮಸುಮ್ಮನೆ. ಫೋನ್ ತೆಗೆದು ವಿಡಿಯೋ ಮಾಡುತ್ತಾ ನಾನೂ ಹಿಂದೆ ಹೋದೆ. ಗಾಳಿಮರದ ಕಡೆ ತಿರುಗಿದವನು ಒಂದು ಕಡೆ ನಿಂತು ಮರಳು ಮೂಸತೊಡಗಿದ. ಮುಂಗಾಲಿನಿಂದ ಕೆರೆಯಲು ಶುರುಮಾಡಿದ. ಹತ್ತಿರ ಹೋಗುವಷ್ಟರಲ್ಲಿ ಯಾರೋ ಕೂಗಿದರು.

ಬಲೆ ಹೆಗಲಿಗೆ ಹಾಕಿಕೊಂಡಿದ್ದ, ಅರವತ್ತು ದಾಟಿದ ಮೀನುಗಾರರು. “ಹಗ್ಗ ಹಾಕ್ಕಳಿ ಮೊದಲು!” ಎನ್ನುತ್ತಲೇ ಬಂದರು. ಕೆಂಚ ಕೆರೆಯುತ್ತಿದ್ದ ಜಾಗದಿಂದ ಹತ್ತು ಹೆಜ್ಜೆ ಆಚೆಗೆ ನಾಲ್ಕು ಕೋಲು ನೆಟ್ಟು ಬಲೆ ಸುತ್ತಿದ ಒಂದು ಸಣ್ಣ ಬೇಲಿ ಇತ್ತು. ಕಡಲಾಮೆಯ ಗೂಡು. ಅದನ್ನು ನಾನು ನೋಡಿಯೇ ಇರಲಿಲ್ಲ. ವಿಡಿಯೋದಲ್ಲಿ ಈಗ ನೋಡಿದರೆ ಮೂಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಉತ್ತರ ಕನ್ನಡದ ಈ ದಂಡೆಗಳಿಗೆ ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಹೊತ್ತು ತೆವಳಿಕೊಂಡು ಮೇಲೆ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹಿಂದಿರುಗುತ್ತವೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಅಷ್ಟು ದಿನ ಗೂಡಿಗೆ ತಾಯಿಯ ಕಾವಲಿಲ್ಲ, ಮರಳಿನದ್ದೇ ಕಾವಲು. ಅರಣ್ಯ ಇಲಾಖೆಯವರೂ ಊರವರೂ ಕಂಡ ಗೂಡಿಗೆ ಬೇಲಿ ಕಟ್ಟುತ್ತಾರೆ. ಕಾಣದ ಗೂಡುಗಳನ್ನು ಮೊದಲು ಪತ್ತೆಹಚ್ಚುವುದು ನರಿ ಮತ್ತು ನಾಯಿ. ವಾಸನೆ ಹಿಡಿದು ಒಂದೇ ರಾತ್ರಿಯಲ್ಲಿ ಪೂರ್ತಿ ಗೂಡನ್ನು ಖಾಲಿ ಮಾಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಯಾವ ಪಟ್ಟಿಯ ರಕ್ಷಣೆಯೋ ಈ ಆಮೆಗೂ ಅದೇ, ಮೊದಲನೆಯ ಪಟ್ಟಿ.

“ಸಾಕಿದ ನಾಯಿ, ಏನೂ ಮಾಡುವುದಿಲ್ಲ” ಎಂದು ನಾನು ಅಭ್ಯಾಸಬಲದಿಂದ ಹೇಳಿದೆ. ಪುಣೆಯ ಲಿಫ್ಟಿನಲ್ಲಿ ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಅವರು ಕೆಂಚ ತೋಡಿದ ಗುಂಡಿಯನ್ನು ಕಾಲಿನಿಂದ ಮುಚ್ಚುತ್ತಾ, “ನಿಮಗೆ ಏನೂ ಮಾಡೂದಿಲ್ಲ, ಹೌದು” ಎಂದರು. ಆಮೇಲೆ ಸಮಾಧಾನದಿಂದಲೇ ಕೇಳಿದರು, “ಯಾವೂರಾಯ್ತು?” ಊರು ಹೇಳಿದೆ. “ಹಂಗಾದ್ರೆ ನಮ್ಮ ತಾಲೂಕಿನವ್ರೇ” ಎಂದು ನಕ್ಕರು. ಆ ನಗು ಬೈಗುಳಕ್ಕಿಂತ ಹೆಚ್ಚು ನಾಟಿತು. ಹೊರಗಿನವಳಾಗಿದ್ದರೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು.

ಅಲ್ಲಿಂದ ಮುಂದೆ ಹಗ್ಗ ಬಿಚ್ಚಲಿಲ್ಲ. ಸ್ವಲ್ಪ ದೂರ ಕಪ್ಪು ನಾಯಿಯೊಂದು ನಮ್ಮ ಜೊತೆಗೂಡಿತು. ಕೆಂಚನನ್ನು ಮೂಸಿ, ಒಪ್ಪಿ, ದಾರಿ ತೋರಿಸುವವನ ಗತ್ತಿನಲ್ಲಿ ಮುಂದೆ ನಡೆಯಿತು. ಮುಂದಿನ ಗುಡ್ಡದ ಬುಡದಲ್ಲಿ ಥಟ್ಟನೆ ನಿಂತುಬಿಟ್ಟಿತು. ಅದರ ಸೀಮೆ ಅಲ್ಲಿಗೆ ಮುಗಿಯಿತು. ಈ ದಾರಿಯುದ್ದಕ್ಕೂ ಹೀಗೆಯೇ. ಒಂದೊಂದು ದಂಡೆಗೂ ಅದರದ್ದೇ ಒಂದು ನಾಯಿಗುಂಪು, ನಡುವಿನ ಗುಡ್ಡಗಳೇ ಗಡಿ. ಒಂದು ನಾಯಿ ಬಂದರೆ ಸ್ನೇಹ, ಆರು ಬಂದರೆ ಜಗಳ. ಆರು ಬಂದಾಗ ಓಡಬಾರದು, ಕಲ್ಲು ಎತ್ತಬಾರದು. ನಮ್ಮ ನಾಯಿಯನ್ನು ನಮ್ಮ ಕಾಲಿನ ಹಿಂದೆ ಇಟ್ಟುಕೊಂಡು, ನೀರಿನ ಅಂಚಿಗೆ ಸರಿದು, ಅವುಗಳ ಜಾಗ ಅವುಗಳಿಗೆ ಬಿಟ್ಟು ನಿಧಾನ ದಾಟಬೇಕು.

ಎರಡನೆಯ ಬೆಳಗು: ನದಿ ದಾಟುವುದು

ಅಘನಾಶಿನಿ ನಮ್ಮ ಜಿಲ್ಲೆಯವರಿಗೆ ಹೆಮ್ಮೆಯ ನದಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರಕ್ಕೆ ಬರುವ ನದಿ. ಅದರ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು, 4,801 ಹೆಕ್ಟೇರು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಕಾಂಡ್ಲಾ ಗಿಡಗಳು, ಇಳಿತದ ಹೊತ್ತಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು ಆರಿಸುವ ಹೆಂಗಸರು, ಎಲ್ಲ ಇದೇ ಅಳಿವೆಯಲ್ಲಿ. ಆಚೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ. ಚಿಕ್ಕವಳಿದ್ದಾಗ ಊಟದ ತಟ್ಟೆಯ ಉಪ್ಪು ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ, ಅದು ಸಾಣಿಕಟ್ಟೆಯದ್ದೇ.

ಅಘನಾಶಿನಿ ಊರಿನಿಂದ ತದಡಿಗೆ ದೋಣಿ. ನಾಯಿಯನ್ನು ಹತ್ತಿಸುತ್ತಾರೋ ಇಲ್ಲವೋ ಎಂಬ ಅಳುಕಿನಿಂದ ಬದಿಯಲ್ಲಿ ನಿಂತಿದ್ದೆ. ದೋಣಿಯವರು ಬೈಕುಗಳನ್ನು ಹತ್ತಿಸಿ, ಮೀನಿನ ಬುಟ್ಟಿಗಳನ್ನು ಹತ್ತಿಸಿ, ಕೊನೆಗೆ ನಮ್ಮ ಕಡೆ ನೋಡಿ, “ಕಚ್ಚತದಾ?” ಎಂದು ಕೇಳಿದರು. ಇಲ್ಲ ಎಂದೆ. “ಮೀನು ತಿನ್ನತದಾ?” ಎಂದರು. ಈ ಸಲ ಸತ್ಯ ಹೇಳಿದೆ. ಎಲ್ಲರೂ ನಕ್ಕರು. ಬುಟ್ಟಿಗಳಿಂದ ದೂರ, ಹಿಂದಿನ ತುದಿಯಲ್ಲಿ ಜಾಗ ಕೊಟ್ಟರು. ಎಂಜಿನ್ನಿನ ಸದ್ದಿಗೆ ಕೆಂಚ ನಡುಗುತ್ತಾ ನನ್ನ ಮಡಿಲಿಗೆ ತಲೆಯಿಟ್ಟ. ಎದುರು ಕೂತಿದ್ದ ಶಾಲೆಯ ಹುಡುಗಿಯೊಬ್ಬಳು ಕೈ ಚಾಚಿ ಅವನ ಕಿವಿ ಸವರಿದಳು. ಆಚೆ ದಡ ಮುಟ್ಟುವ ತನಕ ಕೈ ತೆಗೆಯಲಿಲ್ಲ.

ತದಡಿ ಮೀನುಗಾರಿಕಾ ಬಂದರು. ಅಲ್ಲಿ ನಾಯಿಯ ಮೂಗಿಗೆ ಹಬ್ಬ, ಯಜಮಾನಿಯ ಕಣ್ಣಿಗೆ ಪರೀಕ್ಷೆ. ಬಲೆಯಿಂದ ಬಿಡಿಸಿ ಎಸೆದ ಮೀನುಗಳಲ್ಲಿ ಉಬ್ಬುವ ಪಫರ್ ಮೀನು ಇರಬಹುದು. ಅದರ ವಿಷ ಒಣಗಿದ ಮೇಲೂ ಹೋಗುವುದಿಲ್ಲ, ನಾಯಿಗೂ ಮನುಷ್ಯರಿಗೂ ಪ್ರಾಣಾಂತಿಕ. ಹರಿದ ಬಲೆಯ ತುಂಡು, ಮೀನು ಹಿಡಿಯುವ ಕೊಕ್ಕೆಗಳೂ ಬಿದ್ದಿರುತ್ತವೆ. ಹಗ್ಗವನ್ನು ಗಿಡ್ಡ ಹಿಡಿದು ಬೇಗ ದಾಟಿದೆವು.

ಆ ಬೆಳಿಗ್ಗೆ ಇನ್ನೊಂದು ವಿಷಯ ಗಮನಿಸಿದೆ. ಏಳಕ್ಕೆ ಮರಳಿನ ಮೇಲೆ ಓಡಾಡುತ್ತಿದ್ದ ಊರ ನಾಯಿಗಳೆಲ್ಲ ಒಂಬತ್ತರ ಹೊತ್ತಿಗೆ ಒಂದೊಂದಾಗಿ ದಡಕ್ಕೆ ಎಳೆದಿಟ್ಟ ದೋಣಿಗಳ ಅಡಿ ಸೇರಿದ್ದವು. ನೆರಳಿನಲ್ಲಿ ಸಣ್ಣ ಗುಂಡಿ ತೋಡಿ, ಒಳಗಿನ ತಂಪು ಮರಳಿಗೆ ಹೊಟ್ಟೆ ಒತ್ತಿ ಮಲಗಿದ್ದವು. ಫೋಟೋ ತೆಗೆದೆ. ಅದರ ಅರ್ಥ ಮಾತ್ರ ತಲೆಗೆ ಹೋಗಲಿಲ್ಲ.

ಬೇಲೆಕಾನದಲ್ಲಿ ಗಂಡ ಕಾರಿನೊಂದಿಗೆ ಕಾಯುತ್ತಿದ್ದರು. ಬೇಲೆಕಾನದಿಂದ ಪ್ಯಾರಡೈಸಿಗೆ ಬಂಡೆಗಳ ಮೇಲೆ ಹತ್ತಿ ಇಳಿಯುವ ತುಂಡನ್ನು ನಾವು ಬಿಟ್ಟುಬಿಟ್ಟೆವು.

ಮೂರನೆಯ ಬೆಳಗು: ನನ್ನ ಎರಡನೆಯ ತಪ್ಪು

ಆ ದಿನ ಇಬ್ಬರೂ ಒಟ್ಟಿಗೆ ನಡೆಯುವುದೆಂದು ಕಾರನ್ನು ಓಂ ಬೀಚಿನಲ್ಲಿ ನಿಲ್ಲಿಸಿದೆವು. ಓಂನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್, ಅದೇ ದಾರಿಯಲ್ಲಿ ವಾಪಸ್. ಓಂ ತನಕ ವಾಹನ ಬರುತ್ತದೆ. ಮುಂದಿನ ಎರಡಕ್ಕೆ ಕಾಲುದಾರಿ ಅಥವಾ ದೋಣಿಯೇ ಗತಿ. ಗುಡ್ಡದ ಪಕ್ಕೆಯಲ್ಲಿ ಸಾಗುವ ದಾರಿ, ಕೆಳಗೆ ಸಮುದ್ರ, ಕಣ್ಣಿಗೆ ಅದಕ್ಕಿಂತ ಚೆಂದದ ದಾರಿ ನಮ್ಮ ಕರಾವಳಿಯಲ್ಲಿ ಇನ್ನೊಂದಿಲ್ಲ ಎನ್ನಿಸುತ್ತದೆ.

ಹೋಗುವಾಗ ಎಲ್ಲ ಸರಿಯಿತ್ತು. ಪ್ಯಾರಡೈಸಿನಲ್ಲಿ ನೆರಳಿನ ಬಂಡೆಯೊಂದು ಸಿಕ್ಕಿತು. ಫ್ಲಾಸ್ಕಿನ ಚಹಾ, ಆಯಿ ಕಟ್ಟಿಕೊಟ್ಟ ಎಳ್ಳುಂಡೆ. ಇಬ್ಬರೂ ಒಟ್ಟಿಗೆ ಹೀಗೆ ಕೂತು ಎಷ್ಟು ಕಾಲವಾಗಿತ್ತೋ. ಐದು ನಿಮಿಷ ಅರ್ಧ ಗಂಟೆಯಾಯಿತು, ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ಹೊರಟಾಗ ಗಂಟೆ ಹತ್ತು.

ಹಾಫ್ ಮೂನ್ ದಾಟಿ ಓಂ ಕಡೆಗೆ ಗುಡ್ಡ ಏರುವಾಗ ಕೆಂಚನ ಹೆಜ್ಜೆ ನಿಧಾನವಾಯಿತು. ಸುಸ್ತಾಗಿರಬೇಕು ಎಂದುಕೊಂಡು ಹಗ್ಗ ಸ್ವಲ್ಪ ಎಳೆದೆ. ಅದನ್ನು ನೆನೆದರೆ ಈಗಲೂ ಕೈ ಬಿಸಿಯಾಗುತ್ತದೆ. ಇನ್ನೂ ಇಪ್ಪತ್ತು ಹೆಜ್ಜೆ ಹೋಗಿ, ಒಂದು ಮೊಣಕಾಲೆತ್ತರದ ಗಿಡದ ಅಂಗೈಯಗಲ ನೆರಳಿಗೆ ತಲೆ ತೂರಿಸಿ ಮಲಗಿಬಿಟ್ಟ. ಕರೆದರೆ ಏಳಲಿಲ್ಲ. ನಾಲಿಗೆ ಪೂರ್ತಿ ಹೊರಗೆ, ಕಡುಕೆಂಪು. ಬಾಯಲ್ಲಿ ನೊರೆಯಂಥ ದಪ್ಪ ಜೊಲ್ಲು. ನೀರು ಹಿಡಿದರೆ ಮೂಸಲಿಲ್ಲ. ನಾನು ಚಿರೆಕಲ್ಲಿನ ಮೇಲೆ ಅಂಗೈಯ ಹಿಂಬದಿ ಇಟ್ಟೆ. ಮೂರು ಎಣಿಸುವಷ್ಟರಲ್ಲಿ ತೆಗೆದೆ. ಆ ಕಲ್ಲಿನ ಮೇಲೆ ಅವನು ಬರಿಗಾಲಿನಲ್ಲಿ ಬಂದಿದ್ದ. ನನ್ನ ಕಾಲಲ್ಲಿ ಸಾವಿರಾರು ರೂಪಾಯಿಯ ಶೂ ಇತ್ತು.

ನಾಯಿಗೆ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಪಾದದಡಿಯಲ್ಲಿ ಅಷ್ಟಿಷ್ಟು ಬೆವರು ಬಿಟ್ಟರೆ, ಏದುಸಿರೇ ಅದರ ಏಸಿ. ಕರಾವಳಿಯ ತೇವದ ಗಾಳಿಯಲ್ಲಿ ಆ ಏದುಸಿರಿಗೂ ಬಲವಿರುವುದಿಲ್ಲ, ನಾಲಿಗೆಯ ನೀರು ಆರುವುದೇ ಇಲ್ಲ. ಪುಣೆಯ ಒಣ ಹವೆಯಲ್ಲಿ ಎಂಟು ಕಿಲೋಮೀಟರ್ ಆರಾಮಾಗಿ ನಡೆಯುವ ನಾಯಿ ಇಲ್ಲಿ ಮೂರಕ್ಕೆ ಸೋಲಬಹುದು. ಇದನ್ನೆಲ್ಲ ನಾನು ಓದಿದ್ದೆ. ಹಿಂದಿನ ದಿನ ದೋಣಿಯಡಿಯ ನಾಯಿಗಳು ಕಣ್ಣೆದುರೇ ತೋರಿಸಿದ್ದವು. ಆದರೂ ಗಡಿಯಾರ ನೋಡಲಿಲ್ಲ.

ಗಂಡ ಅವನನ್ನು ಎತ್ತಿಕೊಂಡರು. ಹತ್ತೊಂಬತ್ತು ಕಿಲೋ. ಬಂದ ದಾರಿಯಲ್ಲೇ ಹಾಫ್ ಮೂನಿಗೆ ಇಳಿದೆವು, ಅಲ್ಲಿ ನೆರಳು ಹತ್ತಿರವಿತ್ತು. ಉಳಿದ ಎರಡು ಲೀಟರ್ ಕುಡಿಯುವ ನೀರನ್ನು ಅವನ ಹೊಟ್ಟೆ, ತೊಡೆಯ ಸಂದು, ಪಾದಗಳ ಮೇಲೆ ಸುರಿದೆ. ಅದು ಮುಗಿದಾಗ ದುಪ್ಪಟ್ಟಾವನ್ನು ಸಮುದ್ರದಲ್ಲಿ ಅದ್ದಿ ಅದ್ದಿ ತಂದು ಒರೆಸಿದೆ. ಟೋಪಿಯಿಂದ ಗಾಳಿ ಬೀಸಿದೆವು. ಅಲ್ಲಿದ್ದ ದೋಣಿಯ ಹುಡುಗ ತನ್ನ ನೀರಿನ ಕ್ಯಾನನ್ನೇ ತಂದುಕೊಟ್ಟ. ಮುಕ್ಕಾಲು ಗಂಟೆಯ ಮೇಲೆ ಕೆಂಚ ತಲೆ ಎತ್ತಿ ಎರಡು ಗುಟುಕು ಕುಡಿದ. ಬಾಲದ ತುದಿ ಒಂದು ಸಲ ಮರಳಿಗೆ ಬಡಿಯಿತು. ನಾನು ಅಲ್ಲಿಯೇ ಕೂತು ಅತ್ತೆ. ಗಂಡ ಏನೂ ಹೇಳಲಿಲ್ಲ, ಸಮುದ್ರದ ಕಡೆ ಮುಖ ಮಾಡಿದ್ದರು.

ಓಂಗೆ ದೋಣಿಯಲ್ಲಿ ವಾಪಸಾದೆವು. ಕೇಳಿದ್ದಕ್ಕಿಂತ ಹೆಚ್ಚು ಹಣ ಕೊಡಲು ಹೋದರೆ ಹುಡುಗ ತೆಗೆದುಕೊಳ್ಳಲಿಲ್ಲ. ಅದೇ ದಿನ ಪಶುವೈದ್ಯರಿಗೆ ತೋರಿಸಿದೆವು. ಚೇತರಿಸಿಕೊಂಡಂತೆ ಕಂಡರೂ ತೋರಿಸಬೇಕು, ಒಳಗಿನ ಏಟು ಒಂದೆರಡು ದಿನ ಬಿಟ್ಟು ಹೊರಬರಬಹುದು ಎಂದರು. ಅದೃಷ್ಟಕ್ಕೆ ಹಾಗೇನೂ ಆಗಲಿಲ್ಲ. ಪಾದದಡಿ ಎರಡು ಕಡೆ ಚರ್ಮ ಕಿತ್ತಿತ್ತು.

ನಾಲ್ಕನೆಯ ಬೆಳಗು

ಕುಡ್ಲೆಯಿಂದ ಗೋಕರ್ಣದ ದೊಡ್ಡ ದಂಡೆಗೆ ಗುಡ್ಡ ದಾಟಿ, ರಾಮತೀರ್ಥದ ಮಗ್ಗುಲಲ್ಲಿ ಇಳಿಯುವ ದಾರಿ ಬಾಕಿ ಇತ್ತು. ಅತಿ ಚಿಕ್ಕದು, ಅತಿ ಸುಲಭದ್ದು. ಕೆಂಚ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೋಣೆಯಲ್ಲಿ ಮಲಗಿದ್ದ. ನಾನೊಬ್ಬಳೇ ಹೋಗಿ ಬರಬಹುದಿತ್ತು. ಗಂಡ ಹೋಗು ಎಂದರು. ಹೋಗಲಿಲ್ಲ. ಮಹಾಬಲೇಶ್ವರನ ದರ್ಶನಕ್ಕೆ ಮಾತ್ರ ಒಬ್ಬರಾದ ಮೇಲೆ ಒಬ್ಬರಂತೆ ಹೋಗಿಬಂದೆವು. ಹಾಗಾಗಿ ಕುಮಟೆಯಿಂದ ಗೋಕರ್ಣಕ್ಕೆ ನಡೆದೆ ಎಂದು ನಾನು ಹೇಳಿಕೊಳ್ಳುವಂತಿಲ್ಲ. ನಡುವೆ ಒಂದು ತುಂಡು, ಕೊನೆಯಲ್ಲಿ ಒಂದು ತುಂಡು ಉಳಿದಿದೆ.

ಹೊರಡುವವರಿಗೆ

ನಾಯಿಗೆ ಒಗ್ಗುವ ದಾರಿ ಎಂಬುದು ಯಾವ ಊರಿನಲ್ಲೂ ಸಿದ್ಧವಾಗಿ ಇರುವುದಿಲ್ಲ, ನಾವು ಎಷ್ಟು ಬಿಟ್ಟುಕೊಡಲು ಸಿದ್ಧ ಎಂಬುದರ ಮೇಲೆ ಅದು ಆಗುತ್ತದೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಕಾಲ: ಡಿಸೆಂಬರ್, ಜನವರಿ ಬಿಟ್ಟರೆ ಬೇರೆ ತಿಂಗಳು ಬೇಡ. ಆ ತಿಂಗಳಲ್ಲೂ ಬೆಳಿಗ್ಗೆ ಒಂಬತ್ತರೊಳಗೆ ನೆರಳು ಸೇರಿರಬೇಕು. ಅಂಗೈಯ ಹಿಂಬದಿಯನ್ನು ನೆಲಕ್ಕಿಟ್ಟು ಏಳು ಎಣಿಸಿ. ಇಡಲಾಗದಿದ್ದರೆ ಅಲ್ಲಿ ನಾಯಿ ನಡೆಯಬಾರದು.

ಹಗ್ಗ: ಅದೇ ತಿಂಗಳುಗಳು ಆಮೆಗಳ ತಿಂಗಳೂ ಹೌದು. ಹಗ್ಗ ಬಿಚ್ಚಲೇಬೇಡಿ, ಒದ್ದೆ ಮರಳಿನ ಅಂಚಿನಲ್ಲೇ ನಡೆಯಿರಿ, ಬೆಳಕು ಹರಿಯುವ ಮೊದಲು ದಂಡೆಗೆ ಇಳಿಯಬೇಡಿ. ಇದು ನಮ್ಮ ಜಿಲ್ಲೆಗೆ ಮಾತ್ರ ಹೇಳಿದ್ದಲ್ಲ. ಮುಂಬಯಿ, ಪುಣೆಯವರು ಹೋಗುವ ರತ್ನಾಗಿರಿ ಜಿಲ್ಲೆಯ ವೇಳಾಸ್, ಚೆನ್ನೈನವರ ಬೆಸೆಂಟ್ ನಗರ, ನೀಲಾಂಕರೈ ದಂಡೆಗಳಲ್ಲೂ ಇವೇ ಆಮೆಗಳು ಗೂಡು ಮಾಡುತ್ತವೆ.

ನೀರು: ನಾಯಿಗೇ ಬೇರೆ ಎರಡು ಲೀಟರ್. ಸಮುದ್ರದ ನೀರು ಕುಡಿದರೆ ವಾಂತಿ, ಭೇದಿ ಖಂಡಿತ. ಉಬ್ಬರ ಇಳಿತದ ಹೊತ್ತು ಹಿಂದಿನ ದಿನವೇ ಕೇಳಿಕೊಳ್ಳಿ. ಅದು ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಹೋಗುತ್ತದೆ. ನಿನ್ನೆ ನಡೆದ ಮರಳು ಇಂದು ಅದೇ ಹೊತ್ತಿಗೆ ನೀರಿನಡಿ ಇರಬಹುದು.

ಚುಚ್ಚುಮದ್ದು: ರೇಬೀಸ್, ಲೆಪ್ಟೊಸ್ಪೈರೋಸಿಸ್ ಲಸಿಕೆ ಹಾಕಿಸಿ, ಪುಸ್ತಕ ಜೊತೆಗಿಡಿ. ಗುಡ್ಡದಿಂದ ಇಳಿದ ಮೇಲೆ ಕಿವಿಯ ಒಳಗೆ, ಬೆರಳ ಸಂದಿನಲ್ಲಿ ಉಣುಗು ನೋಡಿ, ನಿಮ್ಮ ಮೈಯಲ್ಲೂ ನೋಡಿಕೊಳ್ಳಿ. ನಮ್ಮ ಜಿಲ್ಲೆಯ ಒಳನಾಡಿನ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದಲೇ.

ಕೊನೆಯದಾಗಿ, ಪ್ಲಾಸ್ಟಿಕ್ ಚೀಲ ಒಯ್ಯಿರಿ. ನಿಮ್ಮ ನಾಯಿಯ ಹೊಲಸು ಯಾರದೋ ಬಲೆ ಒಣಗಿಸುವ ಜಾಗದಲ್ಲಿ ಬಿದ್ದಿರಬಾರದು.

ವಾಪಸ್

ಪುಣೆಗೆ ಹೊರಡುವ ಮೊದಲು ಮತ್ತೆ ಎರಡು ದಿನ ಊರಿನಲ್ಲಿದ್ದೆವು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಇಳಿದ ನಾಯಿಯನ್ನು ಅಪ್ಪ ನೋಡಿದರು. ಆದದ್ದನ್ನು ಹೇಳಿದೆ. “ಕೂಸುಗಳಿಗೆ ಬುದ್ಧಿ ಇಲ್ಲ” ಎಂದರು. ಅದು ನಾಯಿಗೆ ಹೇಳಿದ್ದಲ್ಲ. ಸಂಜೆ ನೋಡಿದರೆ ಗೋಣಿಚೀಲ ಕೊಟ್ಟಿಗೆಯ ಬದಿಯಿಂದ ಜಗುಲಿಯ ಮೆಟ್ಟಿಲಿನ ಪಕ್ಕಕ್ಕೆ ಬಂದಿತ್ತು. ಮೆಟ್ಟಿಲು ದಾಟಿರಲಿಲ್ಲ. ನಾನೂ ದಾಟಿಸಲು ಹೋಗಲಿಲ್ಲ.

ಮೊನ್ನೆ ಆಯಿಯ ಫೋನ್ ಬಂದಾಗ, ಮಾವಿನಹಣ್ಣಿನ ಕಾಲಕ್ಕೆ ಇಬ್ಬರೂ ಬರುತ್ತೇವೆ ಎಂದೆ. “ಬೇಸಿಗೆಗೆ ಬೇಡ, ಅದಕ್ಕೆ ಇಲ್ಲಿನ ಬಿಸಿಲು ತಡೀತಿಲ್ಲೆ. ನವರಾತ್ರಿಗೆ ಬನ್ನಿ” ಎಂದಳು. ಮಗಳಿಗೆ ಮಾವಿನಹಣ್ಣು ಬೇಡ ಎಂದು ನಮ್ಮ ಆಯಿ ಹೇಳಿದ್ದು ಇದೇ ಮೊದಲು.

ಆಫೀಸಿನ ಕ್ಯಾಲೆಂಡರಿನಲ್ಲಿ ನವರಾತ್ರಿಯ ರಜೆ ಗುರುತು ಹಾಕಿದ್ದೇನೆ. ಕುಡ್ಲೆಯಿಂದ ಗೋಕರ್ಣಕ್ಕೆ ಗುಡ್ಡ ದಾಟುವುದು ಬಾಕಿ ಇದೆ. ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ.